ಅರಿಶಿನದ ಕಲೆ ನಿಲ್ಲುತ್ತದೆಯೇ? ಓಟಾ (ಅಡುಗೆಕಟ್ಟೆ), ಟೈಲ್ಸ್, ಲ್ಯಾಮಿನೇಟ್ ಹಾಕಿಸುವ ಮೊದಲು ಮನೆಯಲ್ಲೇ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮುಂಬಯಿ ಆಸುಪಾಸಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಕನ್ನಡಿಗರ ಮನೆಗಳಿಂದ ನನಗೆ ಬರುವ ಫೋನುಗಳಲ್ಲಿ ಬಹುಪಾಲು ಒಂದೇ ದೂರು: "ಅಂಗಡಿಯಲ್ಲಿ ನೀರು ಹಾಕಿ ತೋರಿಸಿದ್ರು, ನಾವೂ ಮನೆಗೆ ತಂದು ಅರಿಶಿನ ಹಚ್ಚಿ ನೋಡಿದೆವು, ಏನೂ ಆಗಲಿಲ್ಲ. ಈಗ ಮೂರೇ ತಿಂಗಳಿಗೆ ಓಟಾ ಹಳದಿ." ಇವರು ಪರೀಕ್ಷೆ ಮಾಡದವರಲ್ಲ, ಮಾಡಿಯೂ ಸೋತವರು. ವಿಚಾರಿಸಿದರೆ ಎಡವಿದ್ದು ಹೆಚ್ಚಾಗಿ ಕ್ರಮದಲ್ಲಿ. ಹೊಸ ಹೊಳಪಿನ ಮೇಲೆ ಕಲೆ ಹಾಕಿದ್ದಾರೆ, ಹತ್ತು ನಿಮಿಷಕ್ಕೆ ಒರೆಸಿದ್ದಾರೆ, ಒರೆಸುವಾಗ ಮೊದಲಿಗೇ ಬ್ಲೀಚ್ ಸುರಿದಿದ್ದಾರೆ. ಹಾಗೆ ಮಾಡಿದರೆ ಯಾವ ಕಲ್ಲೂ ಪಾಸಾಗುತ್ತದೆ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಒಟ್ಟು ಏಳೆಂಟು ದಿನ ಹಿಡಿಯುತ್ತದೆ, ಆದರೆ ಕೈಕೆಲಸ ದಿನಕ್ಕೆ ಅರ್ಧ ಗಂಟೆಯೂ ಇಲ್ಲ.

ಮೊದಲು ಈ ವ್ಯತ್ಯಾಸ ಗೊತ್ತಿರಲಿ

ಜನ "ಕಲೆ" ಎಂದು ಕರೆಯುವುದರಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು, ಬಣ್ಣವೋ ಜಿಡ್ಡೋ ಒಳಗಿಳಿದು ಕೂರುವುದು. ಇನ್ನೊಂದು, ಹುಳಿ ಮೇಲ್ಮೈಯನ್ನೇ ತಿಂದು ಹೊಳಪು ಹೋಗುವುದು. ಅಮೃತಶಿಲೆ, ಕಡಪಾ, ಕೋಟಾ, ನಮ್ಮ ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ನಿಂಬೆ, ಹುಣಸೆ, ಮೊಸರು ಬಿದ್ದರೆ ಅಲ್ಲಿ ಮಸುಕು ಗುರುತು ಏಳುತ್ತದೆ. ಅದು ಕಲೆಯಲ್ಲ, ಗಾಯ. ಎಷ್ಟು ತೊಳೆದರೂ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು. ಗ್ರಾನೈಟ್‌ಗೆ ಅಡುಗೆಮನೆಯ ಹುಳಿಯಿಂದ ಹೀಗಾಗುವುದಿಲ್ಲ, ಆದರೆ ಅದರ ಸಣ್ಣ ರಂಧ್ರಗಳು ಎಣ್ಣೆ ಕುಡಿಯುತ್ತವೆ. ಹೀಗಾಗಿ ಬಣ್ಣ, ಎಣ್ಣೆ, ಹುಳಿ ಈ ಮೂರನ್ನೂ ಬೇರೆ ಬೇರೆ ಜಾಗದಲ್ಲಿ ಪರೀಕ್ಷಿಸಬೇಕು.

ಬೇಕಾಗುವ ಸಾಮಾನು

ಔಷಧಿ ಹಾಕುವ ಡ್ರಾಪರ್ ಎರಡು ಮೂರು, ಜ್ಯಾಮ್ ಬಾಟಲಿಯ ಮುಚ್ಚಳಗಳು ಒಂದು ಹತ್ತು, ಮರೆಮಾಚುವ ಪೇಪರ್ ಟೇಪು, ಪೆನ್ಸಿಲ್, ಬಿಳಿ ಹತ್ತಿ ಬಟ್ಟೆ, ಮೆತ್ತನೆ ಸ್ಪಂಜು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಪಾತ್ರೆ ತೊಳೆಯುವ ಲಿಕ್ವಿಡ್, ಅಡುಗೆ ಸೋಡಾ. ಮೆಡಿಕಲ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್, ಹಾರ್ಡ್‌ವೇರ್ ಅಂಗಡಿಯಿಂದ ಸ್ವಲ್ಪ ಅಸಿಟೋನ್. 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇರಲಿ. 1 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಲದು, ಏಕೆಂದು ಮುಂದೆ ಹೇಳುತ್ತೇನೆ.

ಒಂದು ಸಾಮಾನನ್ನು ಯಾರೂ ಹೇಳುವುದಿಲ್ಲ, ನನಗೆ ಮಾತ್ರ ಅದಿಲ್ಲದೆ ಆಗುವುದಿಲ್ಲ: ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚು. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಈ ಬೆಳಕಿಗೆ ಹಸಿರು ಹಳದಿಯಾಗಿ ಮಿನುಗುತ್ತದೆ. ಬರಿಗಣ್ಣಿಗೆ ಕಾಣದ ಉಳಿಕೆಯೂ ಕತ್ತಲಲ್ಲಿ ಎದ್ದು ಕಾಣುತ್ತದೆ.

ಎಚ್ಚರಿಕೆ: ಬ್ಲೀಚನ್ನು ಯಾವ ಆಸಿಡ್ ಜೊತೆಗೂ, ಟಾಯ್ಲೆಟ್ ಕ್ಲೀನರ್ ಜೊತೆಗೂ, ಅಮೋನಿಯಾ ಜೊತೆಗೂ ಬೆರೆಸಬೇಡಿ, ಒಂದರ ಮೇಲೊಂದು ಹಾಕಲೂ ಬೇಡಿ. ವಿಷಾನಿಲ ಏಳುತ್ತದೆ, ನಮ್ಮ ಫ್ಲ್ಯಾಟುಗಳ ಸಣ್ಣ ಅಡುಗೆಮನೆಯಲ್ಲಿ ಅದು ಕೂಡಲೇ ತುಂಬಿಕೊಳ್ಳುತ್ತದೆ. ಅಸಿಟೋನ್ ಬಳಸುವಾಗ ಗ್ಯಾಸ್ ಆರಿಸಿ, ದೇವರ ದೀಪವೂ ಉರಿಯುತ್ತಿರಬಾರದು, ಕಿಟಕಿ ತೆರೆದಿರಲಿ.

ಹಂತ 1: ಸರಿಯಾದ ತುಂಡು ತನ್ನಿ

ಶೋರೂಮಿನ ಚೌಕಟ್ಟಿನಲ್ಲಿಟ್ಟ ಸ್ಯಾಂಪಲ್ ಬೇಡ. ಅದಕ್ಕೆ ಮೇಣವೋ ರಂಧ್ರ ಮುಚ್ಚುವ ಸೀಲರ್ರೋ ಹಚ್ಚಿರುವುದು ಸಾಮಾನ್ಯ. ನಿಮ್ಮ ಮನೆಗೆ ಬರಬೇಕಾದ ಸ್ಲ್ಯಾಬಿನಿಂದಲೇ ಅಥವಾ ಅದೇ ಲಾಟಿನಿಂದ ಒಂದು ಕಟ್ ಪೀಸ್ ಕೇಳಿ. ಅರ್ಧ ಅಡಿ ಚೌಕದ್ದು ಸಾಕು, ಎರಡು ಸಿಕ್ಕರೆ ಒಳ್ಳೆಯದು. ಟೈಲ್ಸ್ ಆದರೆ ಡಬ್ಬದ ಮೇಲಿನ ಬ್ಯಾಚ್ ನಂಬರಿನ ಫೋಟೋ ತೆಗೆದುಕೊಳ್ಳಿ. ಲ್ಯಾಮಿನೇಟ್ ಆದರೆ ಕ್ಯಾಟಲಾಗಿನ ಬೆರಳುದ್ದದ ಚೂರಲ್ಲ, ಕಾರ್ಪೆಂಟರ್ ಹತ್ತಿರ ಪ್ಲೈವುಡ್‌ಗೆ ಅಂಟಿಸಿದ ತುಂಡೇ ಬೇಕು. ಅಂಚು ಹೇಗಿದೆ ಎಂಬುದು ಅದರಲ್ಲಿ ಮಾತ್ರ ತಿಳಿಯುತ್ತದೆ.

ಕಪ್ಪು ಗ್ರಾನೈಟ್ ಆದರೆ ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಬಿಳಿ ಬಟ್ಟೆಗೆ ಅಸಿಟೋನ್ ಹನಿಸಿ ಗಟ್ಟಿಯಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ ಎಂದರ್ಥ. ಅಂಥ ಕಲ್ಲಿಗೆ ಮುಂದಿನ ಪರೀಕ್ಷೆ ಬೇಕಿಲ್ಲ, ಬಿಟ್ಟು ಬನ್ನಿ.

ಹಂತ 2: ಒಣಗಿಸಿ, ತೂಗಿ

ಮುಂಬಯಿಯಲ್ಲಿ ಈ ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತೇವದಿಂದ ತುಂಬಿದ ಕಲ್ಲು ಎಣ್ಣೆ ಕುಡಿಯುವುದಿಲ್ಲ, ರಂಧ್ರದಲ್ಲಿ ಮೊದಲೇ ನೀರಿದೆ. ಮಳೆಗಾಲದಲ್ಲಿ ಪಾಸಾದ ಕಲ್ಲು ಏಪ್ರಿಲ್‌ನಲ್ಲಿ ಕಲೆ ಹಿಡಿಯುವುದು ಇದಕ್ಕೇ. ಪ್ರಯೋಗಾಲಯದಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸುತ್ತಾರೆ. ನಾವು ಫ್ಯಾನಿನ ಕೆಳಗೆ, ಎರಡೂ ಬದಿಗೆ ಗಾಳಿಯಾಡುವಂತೆ ಕಡ್ಡಿಗಳ ಮೇಲಿಟ್ಟು, ದಿನವೂ ತೂಗಬೇಕು. ಎರಡು ದಿನ ಸತತವಾಗಿ ಒಂದೇ ತೂಕ ಬಂದರೆ ಒಣಗಿದೆ ಎನ್ನಬಹುದು.

ಈಗ ಹೀಗೇ ಒಣಗಿಸಿ ತೂಗಿದ ಎರಡನೆಯ ತುಂಡನ್ನು 24 ಗಂಟೆ ನೀರಲ್ಲಿ ಮುಳುಗಿಸಿ, ಒದ್ದೆ ಬಟ್ಟೆಯಿಂದ ಮೇಲಿನ ನೀರು ಒರೆಸಿ ಮತ್ತೆ ತೂಗಿ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ 0.5 ಶೇಕಡಾಕ್ಕಿಂತ ಹೆಚ್ಚು ನೀರು ಹೀರಬಾರದು. 300 ಗ್ರಾಂ ತುಂಡಿಗೆ ಅದು ಬರೀ ಒಂದೂವರೆ ಗ್ರಾಂ. ಸೂಕ್ಷ್ಮ ತಕ್ಕಡಿ ಬೇಕೆಂದದ್ದು ಇದಕ್ಕೆ. ಮನೆಯ ಮುಳುಗಿಸುವಿಕೆಯಲ್ಲಿ ನೀರು ಎಲ್ಲ ರಂಧ್ರಕ್ಕೂ ಹೋಗುವುದಿಲ್ಲ, ಪ್ರಯೋಗಾಲಯದ ಅಂಕಿ ಇದಕ್ಕಿಂತ ಹೆಚ್ಚೇ ಬರುತ್ತದೆ. ಹಾಗಾಗಿ ಮನೆಯಲ್ಲೇ ಎರಡು ಗ್ರಾಂ ಏರಿದರೆ "ವಿಟ್ರಿಫೈಡ್" ಎಂಬ ಮಾತನ್ನು ನಂಬಬೇಡಿ. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸ್ 10 ಶೇಕಡಾಕ್ಕಿಂತಲೂ ಹೆಚ್ಚು ಹೀರುತ್ತದೆ. ಅದು ದೋಷವಲ್ಲ, ಅದನ್ನು ಕಾಯುವುದು ಮೇಲಿನ ಗಾಜಿನಂಥ ಪದರ, ಅಂದರೆ ಗ್ಲೇಜ್.

ಹಂತ 3: ಅರ್ಧ ಭಾಗವನ್ನು ಸವೆಸಿ

ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವ ಇರುವುದು ಇಲ್ಲಿ. ಹೊಸ ಮೇಲ್ಮೈ ಎಷ್ಟು ಕಲೆ ತಡೆಯುತ್ತದೆ ಎಂಬುದು ನಮಗೆ ಬೇಕಾದ ಉತ್ತರವಲ್ಲ. ಎರಡು ವರ್ಷ ಸ್ಕ್ರಬ್ಬರ್ ತಿಂದ ಮೇಲೆ ಎಷ್ಟು ತಡೆಯುತ್ತದೆ ಎಂಬುದು ಬೇಕು.

ಒಣಗಿದ ತುಂಡಿನ ನಡುವೆ ಟೇಪು ಹಚ್ಚಿ ಎರಡು ಪಾಲು ಮಾಡಿ. ಬಲಗಡೆಯದನ್ನು ಮುಟ್ಟಬೇಡಿ. ಎಡಗಡೆ ಪಾತ್ರೆ ತೊಳೆಯುವ ಪುಡಿ ಉದುರಿಸಿ, ಒದ್ದೆ ಹಸಿರು ಸ್ಕ್ರಬ್ಬರಿನಿಂದ ಎಣಿಸಿ 300 ಸಲ ಹಿಂದೆ ಮುಂದೆ ಉಜ್ಜಿ. ಮನೆಯಲ್ಲಿ ಪಾತ್ರೆ ಉಜ್ಜುವಷ್ಟೇ ಒತ್ತಡ ಇರಲಿ. ತೊಳೆದು, ಮತ್ತೆ ಒಂದು ದಿನ ಒಣಗಿಸಿ.

ಸೂಚನೆ: ಉಜ್ಜಿದ ಮೇಲೆ ಎಡಭಾಗ ಬರಿಗಣ್ಣಿಗೇ ಮಸುಕಾಗಿ ಕಂಡರೆ ಅಲ್ಲಿ ಮೇಣವಿತ್ತು, ಇಲ್ಲವೇ ಮೇಲಿನ ಪದರ ತೆಳು. ಬರೆದಿಟ್ಟುಕೊಳ್ಳಿ.

ಹಂತ 4: ನಕ್ಷೆ ಬರೆಯಿರಿ

ಟೇಪಿನಿಂದ ಪ್ರತಿ ಪಾಲಿನಲ್ಲೂ ಆರು ಮನೆ (ಚೌಕ) ಮಾಡಿ, ನೋಟ್‌ಬುಕ್ಕಿನಲ್ಲಿ ಅದೇ ನಕ್ಷೆ ಬರೆದು ಯಾವ ಮನೆಗೆ ಏನು ಎಂದು ಗುರುತಿಸಿ. ಪ್ರತಿ ಪಾಲಿನಲ್ಲೂ ಒಂದು ಮನೆ ಖಾಲಿ ಇರಲೇಬೇಕು. ಕೊನೆಗೆ ಹೋಲಿಸಲು ಅದೊಂದೇ ಆಧಾರ. ಕಲೆ ಹಾಕುವ ಮೊದಲು ಕಿಟಕಿಯ ಬೆಳಕಲ್ಲಿ ಒಂದು ಫೋಟೋ, ಕತ್ತಲಲ್ಲಿ ನೇರಳೆ ಟಾರ್ಚು ಹಿಡಿದು ಇನ್ನೊಂದು ಫೋಟೋ ತೆಗೆಯಿರಿ. ಲ್ಯಾಮಿನೇಟ್‌ನಲ್ಲಿ, ಕ್ವಾರ್ಟ್ಜ್ ಎಂಬ ಕೃತಕ ಕಲ್ಲಿನಲ್ಲಿ ಅಂಟಾಗಿ ಇರುವ ಕೆಲವು ರಾಳಗಳು ತಾವಾಗಿಯೇ ಮಿನುಗುತ್ತವೆ, ಮೊದಲೇ ನೋಡಿರದಿದ್ದರೆ ಅದನ್ನೇ ಅರಿಶಿನ ಎಂದುಕೊಳ್ಳುತ್ತೀರಿ.

ಹಂತ 5: ಕಲೆ ಹಾಕಿ, ಮುಚ್ಚಿಡಿ

ಕಲೆಗಳನ್ನು ನಮ್ಮ ಅಡುಗೆಯಿಂದಲೇ ಆರಿಸಬೇಕು. ನಾನು ಹಾಕುವುದು ಐದು.

ಅರಿಶಿನ ಎಣ್ಣೆ: ಒಂದು ಚಮಚ ಅರಿಶಿನವನ್ನು ಎರಡು ಚಮಚ ಬೆಚ್ಚಗಿನ ತೆಂಗಿನೆಣ್ಣೆಯಲ್ಲಿ ಕಲಸಿ. ಅರಿಶಿನವನ್ನು ನೀರಲ್ಲಿ ಕಲಸಿ ಹಚ್ಚುವುದೇ ಅತಿ ಸಾಮಾನ್ಯ ತಪ್ಪು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ, ಪುಡಿ ಮೇಲೆಯೇ ಕೂತು ಒರೆಸಿದರೆ ಹೋಗುತ್ತದೆ. ಎಣ್ಣೆಯಲ್ಲಿ ಕರಗಿ ಒಳಗಿಳಿಯುತ್ತದೆ. ಬಂಗುಡೆ ಪುಳಿಮುಂಚಿಯ ಪಾತ್ರೆ ಇಟ್ಟ ಜಾಗ ಹಳದಿಯಾಗುವುದು ಅದಕ್ಕೇ.

ಗಟ್ಟಿ ಡಿಕಾಕ್ಷನ್: ಫಿಲ್ಟರಿನ ಮೊದಲ ಇಳಿತ, ಹಾಲು ಸಕ್ಕರೆ ಇಲ್ಲದೆ.

ಪುನರ್ಪುಳಿ (ಕೋಕಂ) ರಸ: ಸಿಪ್ಪೆ ನೆನೆಸಿದ ಗಾಢ ನೀರು. ಬಣ್ಣ, ಹುಳಿ ಎರಡೂ ಒಟ್ಟಿಗಿರುವುದರಿಂದ ಸುಣ್ಣದ ಕಲ್ಲಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಅಡುಗೆಮನೆಯಲ್ಲಿಲ್ಲ.

ಬರೀ ಎಣ್ಣೆ: ಕಡು ಬಣ್ಣದ ಕಲ್ಲಲ್ಲಿ ಕಾಣುವುದು ಕಷ್ಟ, ಬೂದು ಮತ್ತು ಬಿಳಿ ಗ್ರಾನೈಟ್‌ನಲ್ಲಿ ಕಪ್ಪು ಮಚ್ಚೆಯಾಗಿ ನಿಲ್ಲುತ್ತದೆ.

ತುಕ್ಕು: ಒದ್ದೆ ಉಕ್ಕಿನ ನಾರಿನ ಒಂದು ಚಿಟಿಕೆ. ಸಿಲಿಂಡರಿನ ತಳ, ಕಬ್ಬಿಣದ ಕಾವಲಿ ಬಿಡುವ ಗುರುತು ಇದೇ ಜಾತಿಯದು.

ಪ್ರತಿ ಮನೆಗೂ ಡ್ರಾಪರಿನಿಂದ ಐದೈದು ಹನಿ, ಅರಿಶಿನವಾದರೆ ಕಾಲು ಚಮಚ. ಅಳತೆ ಎರಡೂ ಪಾಲಿನಲ್ಲಿ ಒಂದೇ ಆಗಿರಲಿ. ಹಾಕಿದ ಕೂಡಲೇ ಮುಚ್ಚಳ ಕವುಚಿ. ಇಲ್ಲದಿದ್ದರೆ ಡಿಕಾಕ್ಷನ್ ಒಣಗಿ ಉಂಗುರವಾಗುತ್ತದೆ, ಒಳಗಿಳಿಯುವುದು ನಿಲ್ಲುತ್ತದೆ. ಕಾಲಾವಧಿ 24 ಗಂಟೆ. ಸೆರಾಮಿಕ್ ಟೈಲ್ಸಿನ ಕಲೆ ಪರೀಕ್ಷೆಗಿರುವ ಐಎಸ್‌ಒ 10545-14 ಮಾನದಂಡದಲ್ಲೂ ಇಷ್ಟೇ ಹೊತ್ತು ಬಿಡುತ್ತಾರೆ. ಹತ್ತು ನಿಮಿಷದ ಪರೀಕ್ಷೆ ನಿಮ್ಮ ಚುರುಕುತನವನ್ನು ಅಳೆಯುತ್ತದೆ, ಕಲ್ಲನ್ನಲ್ಲ. ರಾತ್ರಿ ಚೆಲ್ಲಿದ ಸಾರು ಬೆಳಿಗ್ಗೆಯವರೆಗೆ ಹಾಗೇ ಉಳಿಯುವ ಮನೆ ಎಷ್ಟಿಲ್ಲ!

ತುಂಡನ್ನು ಬಾಲ್ಕನಿಯಲ್ಲಿ ಇಡಬೇಡಿ. ಅರಿಶಿನದ ಬಣ್ಣ ಬೆಳಕಿಗೆ ತಾನಾಗಿಯೇ ಮಾಸುತ್ತದೆ. ಬಿಸಿಲಲ್ಲಿಟ್ಟ ತುಂಡು ಮರುದಿನ ಸ್ವಚ್ಛವಾಗಿ ಕಾಣುತ್ತದೆ, ಮನೆಮಂದಿ ಸಂತೋಷಪಡುತ್ತಾರೆ. ಆದರೆ ನಮ್ಮ ಕಟ್ಟಡಗಳ ಎಷ್ಟೋ ಅಡುಗೆಮನೆಗಳ ಕಿಟಕಿ ತೆರೆಯುವುದು ಡಕ್ಟಿಗೆ, ಅಲ್ಲಿಗೆ ಬಿಸಿಲೇ ಬರುವುದಿಲ್ಲ. ಪರೀಕ್ಷೆ ಕಪಾಟಿನೊಳಗೆ, ಕತ್ತಲಲ್ಲೇ ನಡೆಯಲಿ.

ಹಂತ 6: ಮೃದುವಿನಿಂದ ಕಟುವಿನ ಕಡೆಗೆ ತೆಗೆಯಿರಿ

ಕಲೆ ಹೋಯಿತೇ ಇಲ್ಲವೇ ಎನ್ನುವುದಕ್ಕಿಂತ ಯಾವುದಕ್ಕೆ ಹೋಯಿತು ಎಂಬುದು ಮುಖ್ಯ. ಒಂದೊಂದು ಮೆಟ್ಟಿಲಿನ ನಂತರ ತೊಳೆದು, ಒಣಗಿಸಿ, ನೋಡಿ, ಬರೆದು ಆಮೇಲೆ ಮುಂದಿನದು.

ಮೊದಲ ಮೆಟ್ಟಿಲು, ಬಿಸಿನೀರು. ಕೈಗೆ ಸ್ವಲ್ಪ ಚುರುಕ್ ಎನ್ನುವಷ್ಟು, ಸುಮಾರು 55 ಡಿಗ್ರಿ. ಐದು ನಿಮಿಷ ಹರಿಸಿ ಒದ್ದೆ ಬಟ್ಟೆಯಿಂದ ಒರೆಸಿ. ಇದರಲ್ಲೇ ಹೋದರೆ 5 ಅಂಕ.

ಎರಡನೆಯದು, ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಮೆತ್ತನೆ ಸ್ಪಂಜು. ಹೋದರೆ 4. ಸಾಬೂನು ತಾಗಿದ ಕೂಡಲೇ ಅರಿಶಿನ ಕೆಂಪಾದರೆ ಹೆದರಬೇಡಿ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುವುದೇ ಸಹಜ. ಸುಣ್ಣ ಬೆರೆಸಿ ಆರತಿಯ ಕುರ್ದಿ ನೀರು ಮಾಡುವ ನಮಗೆ ಇದು ಗೊತ್ತಿರುವುದೇ. ನೀರಿನಿಂದ ಚೆನ್ನಾಗಿ ತೊಳೆದ ಮೇಲಷ್ಟೇ ಅಂಕ ಕೊಡಿ. ಪುನರ್ಪುಳಿಯ ಕೆಂಪೂ ಕ್ಷಾರಕ್ಕೆ ನೀಲಿಗೆ ತಿರುಗುತ್ತದೆ, ಬಣ್ಣ ಬದಲಾದುದನ್ನು ಕಲೆ ಹೋದುದು ಎಂದು ಬರೆಯಬೇಡಿ.

ಮೂರನೆಯದು, ಅಡುಗೆ ಸೋಡಾದ ಪೇಸ್ಟ್ ಹಚ್ಚಿ ನೈಲಾನ್ ಬ್ರಷ್‌ನಿಂದ ಎರಡು ನಿಮಿಷ ತಿಕ್ಕುವುದು. ಹೋದರೆ 3.

ನಾಲ್ಕನೆಯದು, ಕಲೆಗೆ ತಕ್ಕ ಮದ್ದು. ಬಣ್ಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಅದ್ದಿದ ಹತ್ತಿ, ಎಣ್ಣೆಗೆ ಅಸಿಟೋನ್ ಬೆರೆಸಿದ ಸೋಡಾ ಲೇಪ. ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಲ್ಯಾಮಿನೇಟ್, ಕ್ವಾರ್ಟ್ಜ್‌ಗೆ ಅಸಿಟೋನ್ ಲೇಪ ಬೇಡ, ರಾಳಕ್ಕೆ ಪೆಟ್ಟು ಬೀಳಬಹುದು. ಹೋದರೆ 2, ಆಗಲೂ ಹೋಗದಿದ್ದರೆ 1.

ಐಎಸ್‌ಒ ವರ್ಗಗಳೂ ಹೀಗೇ 5ರಿಂದ 1ಕ್ಕೆ ಇಳಿಯುತ್ತವೆ, ಅಲ್ಲಿನ ರಾಸಾಯನಿಕಗಳು ಮಾತ್ರ ಬೇರೆ. ಗ್ಲೇಜ್ ಟೈಲ್ಸಿಗೆ ಅಲ್ಲಿ ಕನಿಷ್ಠ 3 ಸಾಕು. ಒಲೆಯ ಪಕ್ಕದ ಜಾಗಕ್ಕೆ ನಾನು ಒಪ್ಪುವುದು ಸವೆಸಿದ ಪಾಲಿನಲ್ಲೂ 4 ಬಂದರೆ ಮಾತ್ರ. ಪ್ರತಿ ರಾತ್ರಿ ಒಬ್ಬರು, ಹೆಚ್ಚಾಗಿ ಮನೆಯ ಹೆಂಗಸೇ, ಬ್ರಷ್ ಹಿಡಿದು ತಿಕ್ಕಬೇಕಾದ ಕಲ್ಲನ್ನು ಒಳ್ಳೆಯ ಕಲ್ಲು ಎಂದು ನಾನು ಹೇಳಲಾರೆ.

"ಸ್ಟೋನ್ ಕ್ಲೀನರ್" ಎಂದು ಬಿಡಿಯಾಗಿ ಮಾರುವ ಹೆಸರಿಲ್ಲದ ಆಸಿಡ್ ಬಾಟಲಿಗಳನ್ನು ಯಾವ ಮೆಟ್ಟಿಲಲ್ಲೂ ಮುಟ್ಟಬೇಡಿ. ಹೈಡ್ರೋಫ್ಲೋರಿಕ್ ಆಸಿಡ್ ಇದ್ದರೆ ಅದು ಗ್ಲೇಜನ್ನೂ ಗ್ರಾನೈಟನ್ನೂ ತಿನ್ನುತ್ತದೆ, ಚರ್ಮದ ಮೂಲಕ ಒಳಗಿಳಿದು ಪ್ರಾಣಕ್ಕೂ ಎರವಾಗುತ್ತದೆ.

ಹಂತ 7: ಓದುವುದು

ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಬಳಿ, 25ರಿಂದ 30 ಸೆಂಟಿಮೀಟರ್ ದೂರದಿಂದ ನೋಡಿ. ಅಂಗಡಿಯ ಹಳದಿ ದೀಪದ ಕೆಳಗೆ ಅರಿಶಿನದ ಛಾಯೆ ಕಾಣುವುದೇ ಇಲ್ಲ. ಬಳಿಕ ಮೊಬೈಲ್ ಟಾರ್ಚನ್ನು ಮೇಲ್ಮೈಗೆ ಸಮಾನಾಂತರವಾಗಿ ಹಿಡಿದು ಓರೆಯಾಗಿ ನೋಡಿ. ಹುಳಿ ತಿಂದ ಜಾಗ ಇದ್ದರೆ ಹೊಳಪಿನ ನಡುವೆ ಮಸುಕು ವೃತ್ತವಾಗಿ ಕಾಣುತ್ತದೆ, ಬೆರಳಾಡಿಸಿದರೆ ಸ್ವಲ್ಪ ಒರಟು. ಕೊನೆಗೆ ಕತ್ತಲಲ್ಲಿ ನೇರಳೆ ಟಾರ್ಚು. ಹಸಿರು ಹಳದಿ ಮಿನುಗಿದರೆ ಅರಿಶಿನ ಇನ್ನೂ ಒಳಗಿದೆ. ನೀಲಿ ಮಿನುಗಿದರೆ ಅದು ಬಟ್ಟೆಯ ಡಿಟರ್ಜೆಂಟಿನ ಹೊಳಪುಪುಡಿ, ಮತ್ತೊಮ್ಮೆ ತೊಳೆಯಿರಿ.

ನೀವೇ ಕಲೆ ಹಾಕಿದ ಜಾಗ ನಿಮಗೆ ಗೊತ್ತಿರುತ್ತದೆ, ಕಣ್ಣು ಮೋಸ ಮಾಡುತ್ತದೆ. ನಕ್ಷೆ ತೋರಿಸದೆ ಮನೆಯ ಇನ್ನೊಬ್ಬರ ಕೈಗೆ ತುಂಡು ಕೊಟ್ಟು "ಎಲ್ಲೆಲ್ಲಿ ಏನು ಕಾಣುತ್ತದೆ?" ಎಂದು ಕೇಳಿ. ನನ್ನ ಅತ್ತೆ ಕಂಡುಹಿಡಿದಷ್ಟು ಕಲೆಗಳನ್ನು ನಾನು ಯಾವತ್ತೂ ಕಂಡುಹಿಡಿದಿಲ್ಲ.

ಹಂತ 8: ಫಲಿತಾಂಶವನ್ನು ವಸ್ತುವಿಗೆ ತಕ್ಕಂತೆ ತೂಗುವುದು

ಕ್ವಾರ್ಟ್ಜ್: ಇದರ ತೂಕದ 90 ಶೇಕಡಾದಷ್ಟು ಕ್ವಾರ್ಟ್ಜ್ ಕಲ್ಲಿನ ಪುಡಿ, ಉಳಿದದ್ದು ಹೆಚ್ಚಾಗಿ ಪಾಲಿಯೆಸ್ಟರ್ ರಾಳ. ಕಲ್ಲು ಕಲೆ ಹಿಡಿಯುವುದಿಲ್ಲ, ರಾಳ ಅರಿಶಿನ ಹಿಡಿಯುತ್ತದೆ. ಐದು ವರ್ಷದ ಹಿಂದೆ ನನ್ನದೇ ಮನೆಗೆ ಬಿಳಿ ಕ್ವಾರ್ಟ್ಜ್ ತರುವಾಗ ಹೊಳಪಿನ ತುಂಡನ್ನು ಮಾತ್ರ ಪರೀಕ್ಷಿಸಿ ತಂದೆ. ಬಂದದ್ದು ಅದೇ ಬಣ್ಣದ ಮ್ಯಾಟ್ ಫಿನಿಶ್. ಮಿಕ್ಸಿ ಇಡುವ ಮೂಲೆ ಇಂದಿಗೂ ಹಳದಿ. ಒಂದೇ ಬಣ್ಣದ ಎರಡು ಫಿನಿಶ್ ಎಂದರೆ ಎರಡು ಬೇರೆ ವಸ್ತು ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಗ್ಲೇಜ್ ಟೈಲ್ಸ್: ಮೇಲ್ಮೈ ಬಹುತೇಕ 5 ಕೊಡುತ್ತದೆ. ಸೋಲುವುದು ಗ್ಲೇಜಿನ ಕೂದಲೆಳೆ ಬಿರುಕಿನಲ್ಲಿ, ಸಂದಿನಲ್ಲಿ. ಬಿರುಕು ನೋಡಲು ಗಾಯಕ್ಕೆ ಹಾಕುವ ಆಯೋಡಿನ್ ದ್ರಾವಣ ಹಚ್ಚಿ ಒರೆಸಿ. ಕಂದು ಜಾಲ ಮೂಡಿದರೆ ಆ ಬ್ಯಾಚ್ ಬೇಡ. ಸಂದಿನ ಸಿಮೆಂಟ್ ಗ್ರೌಟ್ ಅರಿಶಿನವನ್ನು ಸ್ಪಂಜಿನಂತೆ ಹೀರುತ್ತದೆ, ಒಲೆಯ ಹಿಂದಿನ ಗೋಡೆಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ಎರಡು ಟೈಲ್ಸ್ ಚೂರುಗಳ ನಡುವೆ ಎರಡೂ ಬಗೆಯ ಗ್ರೌಟ್ ತುಂಬಿಸಿ, ಗಟ್ಟಿಯಾದ ಮೇಲೆ ಅರಿಶಿನ ಎಣ್ಣೆ ಹಚ್ಚಿ ನೋಡಿ. ಮಿಸ್ತ್ರಿಯ ಜೊತೆ ವಾದವೇ ಬೇಕಾಗುವುದಿಲ್ಲ.

ಲ್ಯಾಮಿನೇಟ್: ಮುಖದ ಮೇಲೆ ಚೆನ್ನಾಗಿರುತ್ತದೆ, ಅಂಚಿನಲ್ಲಿ ನೀರು ನುಗ್ಗಿ ಉಬ್ಬುತ್ತದೆ. ಅಂಚಿನ ಮೇಲೂ ಡಿಕಾಕ್ಷನ್ ಹನಿಸಿ. ಕಪ್ಪು ಗೆರೆ ಒಳಗೆ ಹರಿದರೆ ಅಂಚುಪಟ್ಟಿ ಸರಿ ಕೂತಿಲ್ಲ.

ಗೋಡೆಯ ಬಣ್ಣ: ಹಚ್ಚಿ ನಾಲ್ಕು ವಾರ ಆಗುವ ಮೊದಲು ಪರೀಕ್ಷಿಸಬೇಡಿ, ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ.

ಸೋಫಾ ಬಟ್ಟೆ: ಎಣ್ಣೆ ಹನಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಸುಮಾರು ಎರಡೂಕಾಲು ಕಿಲೋ ಭಾರ ಒಂದು ನಿಮಿಷ ಇರಿಸಿ ಒಗೆಯಿರಿ. ಬಟ್ಟೆ ಪರೀಕ್ಷೆಯ ಎಎಟಿಸಿಸಿ 130 ಕ್ರಮ ಹೆಚ್ಚುಕಡಿಮೆ ಇದೇ. ಭಾರ ಇಡದೆ ಮಾಡಿದರೆ ಹನಿ ಮುತ್ತಿನಂತೆ ನಿಲ್ಲುತ್ತದೆ. ಅದರ ಮೇಲೆ ಯಾರಾದರೂ ಕೂತಾಗ ಏನಾಗುತ್ತದೆ ಎಂಬುದು ತಿಳಿಯುವುದಿಲ್ಲ.

ಹಂತ 9: ಸೀಲರ್ ಹಚ್ಚುವುದಾದರೆ

ಕಲ್ಲು 3 ಅಥವಾ 2 ಬಂದು, ಆದರೂ ನಿಮಗೆ ಅದೇ ಇಷ್ಟವಾದರೆ ಇನ್ನೊಂದು ತುಂಡಿಗೆ ಸೀಲರ್ ಹಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ದಿನ ಬಿಟ್ಟು, ಹಂತ 3ರಿಂದ ಪೂರ್ತಿ ಮರುಪರೀಕ್ಷೆ ಮಾಡಿ. ಸವೆಸುವುದನ್ನು ಮಾತ್ರ ಬಿಡಬೇಡಿ. ಸೀಲರ್ ಎಣ್ಣೆ ಇಳಿಯುವುದನ್ನು ನಿಧಾನಿಸುತ್ತದೆ, ಹುಳಿಯಿಂದ ಅಮೃತಶಿಲೆಯನ್ನು ಉಳಿಸುವುದಿಲ್ಲ. "ಸೀಲರ್ ಹಾಕಿದ ಮೇಲೆ ನಿಂಬೆಯೂ ಏನೂ ಮಾಡಲ್ಲ" ಎಂದವರ ಮುಂದೆಯೇ ಒಂದು ಹೋಳು ಹಿಂಡಿ ಐದು ನಿಮಿಷ ಕಾಯಿರಿ.

ಹಂತ 10: ಮಾಲು ಬಂದ ದಿನ

ಪರೀಕ್ಷಿಸಿದ ತುಂಡು, ನೋಟ್‌ಬುಕ್ಕು, ಬ್ಯಾಚ್ ನಂಬರಿನ ಫೋಟೋ ಮೂರೂ ಕೈಯಲ್ಲಿರಲಿ. ಟೆಂಪೋದಿಂದ ಇಳಿಸಿದ ಸ್ಲ್ಯಾಬನ್ನು ಸೊಸೈಟಿಯ ಲಿಫ್ಟಿಗೆ ಹಾಕುವ ಮೊದಲೇ ನಿಮ್ಮ ತುಂಡಿನ ಸವೆಸದ ಪಾಲನ್ನು ಪಕ್ಕದಲ್ಲಿಟ್ಟು ಬಣ್ಣ, ಹೊಳಪು ಹೋಲಿಸಿ. ಸಿಂಕಿಗೆ ಕತ್ತರಿಸಿ ತೆಗೆಯುವ ಜಾಗದಲ್ಲಿ ಮೂರು ಹನಿ ನೀರು, ಮೂರು ಹನಿ ಎಣ್ಣೆ, ಮೂರು ಹನಿ ನಿಂಬೆರಸ ಹಾಕಿ ಕಾಲು ಗಂಟೆ ಕಾಯಿರಿ. ನಿಮ್ಮ ತುಂಡಿನಲ್ಲಿ ಕಾಣದ ಕಪ್ಪು ಮಚ್ಚೆಯೋ ಮಸುಕೋ ಇಲ್ಲಿ ಕಂಡರೆ ಅದು ಬೇರೆ ಲಾಟು. ಮಿಸ್ತ್ರಿ ಅವಸರಪಡುತ್ತಾನೆ, ಟೆಂಪೋದವನು ಹಾರ್ನ್ ಹೊಡೆಯುತ್ತಾನೆ. ಆ ಕಾಲು ಗಂಟೆ ಮಾತ್ರ ಬಿಟ್ಟುಕೊಡಬೇಡಿ, ಕಟರ್ ಒಮ್ಮೆ ತಾಗಿದ ಸ್ಲ್ಯಾಬನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.